ಕೇಳೋ ಹಾಗಿಲ್ಲ, ಥ್ಯಾಂಕ್ಸ್ ಹೇಳಬಹುದು

2025ರ ಮಾರ್ಚ್ ತಿಂಗಳಿಡೀ ಅಮೆರಿಕದ ವಿಸ್ಕಾನ್ಸಿನ್‌ನ ನಮ್ಮ ಮನೆ ಅಂಚೆ ಡಬ್ಬಿಯಲ್ಲಿ ಕರೆಂಟ್ ಬಿಲ್ ಹುಡುಕೋದೇ ಕಷ್ಟವಾಗಿತ್ತು. ಬರೀ ಚುನಾವಣೆ ಕಾರ್ಡುಗಳು. ರಾಜ್ಯದ ಸುಪ್ರೀಂ ಕೋರ್ಟಿನ ಒಂದೇ ಒಂದು ಜಡ್ಜ್ ಸೀಟಿನ ಚುನಾವಣೆಗೆ ಎಲ್ಲ ಕಡೆಯವರದೂ ಸೇರಿ ಹತ್ತಿರ ಹತ್ತಿರ 10 ಕೋಟಿ ಡಾಲರ್ ಖರ್ಚಾಯಿತು. ಇಲಾನ್ ಮಸ್ಕ್ ಗ್ರೀನ್ ಬೇಗೆ ಬಂದು ಹತ್ತತ್ತು ಲಕ್ಷ ಡಾಲರಿನ ಎರಡು ಚೆಕ್ ಹಂಚಿ ಹೋದರು. (ಅವರು ಬೆಂಬಲಿಸಿದ ಅಭ್ಯರ್ಥಿ ಸೋತರು, ಅದು ಬೇರೆ ಮಾತು.)

ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದರು, "ಜಡ್ಜ್ ಕೂಡ ಓಟು ಕೇಳ್ತಾರೇನೋ? ಏನಂತ ಕೇಳ್ತಾರೆ?"

ಒಳ್ಳೆ ಪ್ರಶ್ನೆ. ಪಕ್ಕದ ರಾಜ್ಯ ಮಿನ್ನೆಸೋಟದಲ್ಲಿ ಮೊದಲು ವಿವಾದದ ವಿಷಯಗಳ ಬಗ್ಗೆ ಜಡ್ಜ್ ಅಭ್ಯರ್ಥಿ ಬಾಯಿ ಬಿಡುವಂತೆಯೇ ಇರಲಿಲ್ಲ. 2002ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಆ ನಿಯಮ ತೆಗೆದುಹಾಕಿತು. ಈಗ ಅಭಿಪ್ರಾಯ ಹೇಳಬಹುದು. ಇಂಥ ಕೇಸಲ್ಲಿ ಇಂಥ ತೀರ್ಪು ಕೊಡ್ತೀನಿ ಅಂತ ಮಾತು ಕೊಡುವ ಹಾಗಿಲ್ಲ. 2023ರಲ್ಲಿ ನಮ್ಮ ರಾಜ್ಯದ ಇದೇ ಕೋರ್ಟಿಗೆ ನಿಂತ ಜ್ಯಾನೆಟ್ ಪ್ರೊಟಸೇವಿಚ್ ಗರ್ಭಪಾತದ ಬಗ್ಗೆ ತಮ್ಮ ನಿಲುವು ಹೇಳಿಕೊಂಡೇ ಗೆದ್ದರು. ನನಗೆ ಇದರಲ್ಲಿ ತಕರಾರಿಲ್ಲ. ಬಾಯಿ ಮುಚ್ಚಿಸಿದರೆ ಮನಸ್ಸಲ್ಲಿರೋದು ಹೋಗಿಬಿಡುತ್ತಾ? ಗೊತ್ತಿದ್ದೇ ಓಟು ಹಾಕೋದು ವಾಸಿ.

ನನಗೆ ನಗು ಬರೋದು ಅಭ್ಯರ್ಥಿ ತಾನೇ ದುಡ್ಡು ಕೇಳಬಾರದು ಅನ್ನೋ ನಿಯಮಕ್ಕೆ. ಫ್ಲೋರಿಡಾದಲ್ಲಿ ಲನೆಲ್ ವಿಲಿಯಮ್ಸ್-ಯೂಲಿ ಅನ್ನೋ ವಕೀಲೆ ಕೌಂಟಿ ಜಡ್ಜ್ ಆಗಲು ನಿಂತರು. 25ರಿಂದ 500 ಡಾಲರ್‌ವರೆಗೆ ಕೊಟ್ಟು ನೆರವಾಗಿ ಅಂತ ತಾವೇ ಸಹಿ ಹಾಕಿ ಪತ್ರ ಕಳಿಸಿದರು. ಚುನಾವಣೆಯಲ್ಲೂ ಸೋತರು, ಛೀಮಾರಿಯನ್ನೂ ಹಾಕಿಸಿಕೊಂಡರು, ಮೇಲೆ 1,860 ಡಾಲರ್ ವೆಚ್ಚ ಬೇರೆ. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಡ್ಜ್ ಆಗೋರು ಜನರ ಮುಂದೆ ಕೈ ಚಾಚಬಾರದು ಅನ್ನೋದು ಸರಿಯೇ. ಆದರೆ ಅದೇ ಫ್ಲೋರಿಡಾದಲ್ಲಿ ಅಭ್ಯರ್ಥಿಯ ಪರವಾಗಿ ಒಂದು ಸಮಿತಿ ದುಡ್ಡು ಕೇಳಬಹುದು. ಕೊಟ್ಟವರಿಗೆ ಅಭ್ಯರ್ಥಿ ಥ್ಯಾಂಕ್ಸ್ ಅಂತ ಚೀಟಿ ಬರೆಯಬಹುದು!

"ಹಾಗಾದ್ರೆ ಯಾರು ಕೊಟ್ರು ಅಂತ ಗೊತ್ತೇ ಇರುತ್ತಲ್ವಾ?" ಅಂದರು ಅಪ್ಪ. ಇರುತ್ತೆ.

ಹಾಗಂತ ಜಡ್ಜ್‌ಗಳೇ ಜಡ್ಜ್‌ಗಳನ್ನು ಆರಿಸೋ ನಮ್ಮ ಭಾರತದ ಕೊಲಿಜಿಯಂ ವಾಸಿ ಅಂತ ನಾನು ಹೇಳಲ್ಲ. ಅಲ್ಲಿ ಯಾರನ್ನು ಯಾಕೆ ಬಿಟ್ಟರು ಅಂತ ನಮಗೆ ಪೂರ್ತಿ ತಿಳಿಯೋದೇ ಇಲ್ಲ.

ಆದರೆ ದೊಡ್ಡ ದುಡ್ಡಿಗೆ ಪತ್ರವೇ ಬೇಕಿಲ್ಲ. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಕಂಪನಿ ಮ್ಯಾಸಿ ಮೇಲೆ 5 ಕೋಟಿ ಡಾಲರ್ ಪರಿಹಾರದ ತೀರ್ಪು ಬಿದ್ದಿತ್ತು. ಮೇಲ್ಮನವಿ ಹೋಗಬೇಕಿದ್ದ ಕೋರ್ಟಿಗೆ 2004ರಲ್ಲಿ ಚುನಾವಣೆ. ಕಂಪನಿಯ ಮುಖ್ಯಸ್ಥ ಡಾನ್ ಬ್ಲ್ಯಾಂಕೆನ್‌ಶಿಪ್ ಒಬ್ಬ ಅಭ್ಯರ್ಥಿಯ ಗೆಲುವಿಗೆ 30 ಲಕ್ಷ ಡಾಲರ್ ಸುರಿದರು. ಹೆಚ್ಚಿನದು ಹೋಗಿದ್ದು ಹೊರಗಿನ ಗುಂಪಿಗೆ. ಗೆದ್ದ ಜಡ್ಜ್ ಅದೇ ಕೇಸಿನಲ್ಲಿ ಕೂತರು, ಕಂಪನಿ 3-2ರಲ್ಲಿ ಗೆದ್ದಿತು. ಅವರು ಆ ಕೇಸಿನಿಂದ ಹಿಂದೆ ಸರಿಯಬೇಕಿತ್ತು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 2009 ಆಗಿತ್ತು. ಅದೂ 5-4ರಲ್ಲಿ.