ಎರಡೇ ಚಕ್ರ, ಲೋ ಗೇರು, ಒಂದು ಕಲ್ಲು

ಅಮೆರಿಕದ ಮಿನ್ನೆಸೋಟಾದಲ್ಲಿ ದುಡ್ಡು ಕೊಡದೆ ನಗಬೇಕು ಅಂದರೆ ಬೇಸಿಗೆಯ ಶನಿವಾರ ಯಾವುದಾದರೂ ಕೆರೆಯ ಬೋಟ್ ರ‍್ಯಾಂಪಿಗೆ ಹೋಗಿ ನಿಂತರೆ ಸಾಕು. ದಡದಿಂದ ನೀರಿನೊಳಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಕಿರುತ್ತಾರೆ, ಅದೇ ರ‍್ಯಾಂಪು. ಟ್ರಕ್ಕಿನ ಹಿಂದೆ ಟ್ರೇಲರ್, ಟ್ರೇಲರ್ ಮೇಲೆ ಬೋಟು. ಅದನ್ನು ರಿವರ್ಸಲ್ಲಿ ನೀರಿಗೆ ಇಳಿಸಬೇಕು. ಇಷ್ಟೇ ಕೆಲಸ. ಆದರೆ ಇಷ್ಟರಲ್ಲೇ ಎಷ್ಟೋ ಸಂಸಾರಗಳ ಮಾನ ಹರಾಜಾಗುತ್ತದೆ. ಗಂಡ ಸ್ಟೀರಿಂಗ್ ತಿರುಗಿಸುತ್ತಾನೆ, ಹೆಂಡತಿ ಹಿಂದೆ ನಿಂತು ಕೈ ತೋರಿಸುತ್ತಾಳೆ, ಟ್ರೇಲರ್ ಇಬ್ಬರ ಮಾತನ್ನೂ ಕೇಳುವುದಿಲ್ಲ. ಇದನ್ನು ನೋಡುವುದಕ್ಕೆಂದೇ ಕೆಲವು ಹಿರಿಯರು ಮಡಚುವ ಕುರ್ಚಿ ತಂದು ಮರದ ಕೆಳಗೆ ಹಾಕಿಕೊಂಡು ಕೂತಿರುತ್ತಾರೆ.

ಈ ರಾಜ್ಯದ ಗಾಡಿಗಳ ನಂಬರ್ ಪ್ಲೇಟಿನ ಮೇಲೇ ‘10,000 ಕೆರೆಗಳು’ ಅಂತ ಬರೆದಿರುತ್ತದೆ. ಅದು ಸಂಕೋಚದ ಲೆಕ್ಕ. ಹತ್ತು ಎಕರೆಗಿಂತ ದೊಡ್ಡವನ್ನು ಮಾತ್ರ ಎಣಿಸಿದರೂ 11,842 ಆಗುತ್ತವೆ. ಜನ ಸುಮಾರು 58 ಲಕ್ಷ, ನೋಂದಣಿಯಾದ ಬೋಟುಗಳು 8 ಲಕ್ಷದ ಮೇಲೆ. ಅಂದರೆ ಏಳು ಜನಕ್ಕೊಂದು ಬೋಟು. ನಮ್ಮ ಏಳು ಜನದ ಪಾಲಿನದು ನನ್ನ ಬಾಮೈದನಿಗೆ ಬಂತು.

ಅವನಿಗೆ ಈಜು ಬರುವುದಿಲ್ಲ. ಮೀನು ತಿನ್ನುವುದಿಲ್ಲ. ಆದರೂ ಹತ್ತೊಂಬತ್ತು ಅಡಿಯ ಒಂದು ಸೆಕೆಂಡ್ ಹ್ಯಾಂಡ್ ಫೈಬರ್ ಬೋಟು ಕೊಂಡ. ಅದನ್ನು ಎಳೆಯಲು ಒಂದು ಹಳೇ ಪಿಕಪ್ ಟ್ರಕ್ಕನ್ನೂ ಕೊಂಡ. ಅದೇ ಸಮಯಕ್ಕೆ ಮಾವ ಪಾಂಡವಪುರದಿಂದ ಮಗನ ಮನೆಗೆ ಬಂದಿದ್ದರು. ಮಾವ ಎಂದರೆ ವರ್ಷಾನುಗಟ್ಟಲೆ ಟ್ರ್ಯಾಕ್ಟರಿನಲ್ಲಿ ಕಬ್ಬು ಹೊಡೆದವರು. ಎರಡು ಟ್ರೇಲರ್ ಕಟ್ಟಿ, ಮುಂದಿನ ಚಕ್ರ ನೆಲ ಬಿಟ್ಟು ಏಳದ ಹಾಗೆ ನೋಡಿಕೊಂಡು, ಸಕ್ಕರೆ ಕಾರ್ಖಾನೆ ಯಾರ್ಡಿನ ಸಂದಿಯಲ್ಲಿ ರಿವರ್ಸ್ ತೆಗೆದ ಕೈ ಅದು. ಆ ಕೈಗೆ ಇಲ್ಲಿ ಸ್ಟೀರಿಂಗ್ ಕೊಡಲಿಲ್ಲ. ಇನ್ಶೂರೆನ್ಸ್ ಇಲ್ಲ ಅಂದ ಮಗ. ಮಾವ ಹಿಂದಿನ ಸೀಟಿನಲ್ಲಿ ಕೂತು ಕಿಟಕಿ ಕಡೆ ನೋಡಿದರು.

ಮೊದಲ ಸುತ್ತಿನ ಕಥೆ ಬೇಗ ಮುಗಿಯಿತು. ಟ್ರೇಲರನ್ನು ಹಿಂದಕ್ಕೆ ತಳ್ಳುವಾಗ ಅದು ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಬಲಕ್ಕೆ ತಿರುಗಿಸಬೇಕು. ಗಲಿಬಿಲಿ ಆಗುವವರು ಸ್ಟೀರಿಂಗಿನ ಕೆಳತುದಿ ಹಿಡಿಯಬೇಕು. ಆಗ ಕೈ ಹೋದ ಕಡೆಗೇ ಟ್ರೇಲರ್ ಹೋಗುತ್ತದೆ. ಬಾಮೈದ ವಿಡಿಯೋ ನೋಡಿ ಇದನ್ನು ಕಲಿತಿದ್ದ. ಆದರೆ ವಿಡಿಯೋದಲ್ಲಿ ಟ್ರಕ್ಕು ನಿಧಾನವಾಗಿತ್ತು. ಇವನದು ಆಟೋಮ್ಯಾಟಿಕ್. ಬ್ರೇಕಿನಿಂದ ಕಾಲು ತೆಗೆದರೆ ಸಾಕು, ಬೆಳಗಿನ ವಾಕಿಂಗ್ ವೇಗದಲ್ಲಿ ತಾನೇ ಹಿಂದೆ ಬರುತ್ತದೆ. ನಾನು ಹಿಂದೆ ನಿಂತು ಬಸ್ ಕಂಡಕ್ಟರನ ದನಿಯಲ್ಲಿ “ಬರ್ಲಿ ಬರ್ಲಿ ಬರ್ಲಿ” ಅನ್ನುತ್ತಿದ್ದೆ. “ಹೋಲ್ಡಾನ್” ಅನ್ನುವಷ್ಟರಲ್ಲಿ ಟ್ರೇಲರ್ ಅಡ್ಡ ಮಡಚಿಕೊಂಡು ಟ್ರಕ್ಕಿನ ಬಾಗಿಲ ಕಡೆ ಬಂದು ನಿಂತಿತ್ತು. ಕುರ್ಚಿಗಳು ಸ್ವಲ್ಪ ಮುಂದಕ್ಕೆ ಸರಿದವು.

“ಲೋ ಗೇರಿಗೆ ಹಾಕ್ಲಾ,” ಅಂದರು ಹಿಂದಿನ ಸೀಟಿನವರು.

ಟ್ರಕ್ಕಿನಲ್ಲಿ ಲೋ ಇತ್ತು. ನೆಲದಿಂದ ಎದ್ದು ನಿಂತ ಗಿಡ್ಡ ಲಿವರಿನ ತಲೆಯ ಮೇಲೆ ಬರೆದೂ ಇತ್ತು: 2ಎಚ್, 4ಎಚ್, ಎನ್, 4ಎಲ್. ಅಂಕಿ ಅಂದರೆ ಎಳೆಯುವ ಚಕ್ರ ಎಷ್ಟು ಅಂತ; ಎಚ್ ಅಂದರೆ ಹೈ, ಎಲ್ ಅಂದರೆ ಲೋ, ಎನ್ ಅಂದರೆ ನ್ಯೂಟ್ರಲ್. ಲೋನಲ್ಲಿ ಗಾಡಿ ಸುಮಾರು ಎರಡೂವರೆ ಪಟ್ಟು ನಿಧಾನ, ಎಳೆಯುವ ಶಕ್ತಿ ಅಷ್ಟೇ ಜಾಸ್ತಿ. ಆದರೆ ಲೋ ಬೇಕೆಂದರೆ ನಾಲ್ಕೂ ಚಕ್ರ ತಗೊಳ್ಳಲೇಬೇಕು. ಎರಡು ಚಕ್ರಕ್ಕೆ ಲೋ ಕೊಡುವುದಿಲ್ಲ. ಮಾವನಿಗೆ ಇದು ಅರ್ಥವೇ ಆಗಲಿಲ್ಲ. ಊರಿನ ಟ್ರ್ಯಾಕ್ಟರಿಗೆ ಮುಂದಕ್ಕೆ 8 ಗೇರು, ಹಿಂದಕ್ಕೆ 2. ಇರುವುದು ನಾಲ್ಕೇ ಗೇರು, ಹೈ-ಲೋ ಲಿವರ್ ಅದನ್ನು ಎಂಟು ಮಾಡುತ್ತದೆ. ರಿವರ್ಸಿಗೂ ಒಂದು ಹೈ, ಒಂದು ಲೋ. ಎಳೆಯುವುದು ಹಿಂದಿನ ಎರಡೇ ಚಕ್ರ. “ಇಷ್ಟು ದುಡ್ಡು ಈಸ್ಕೊಂಡು ಅದನ್ನೇ ಕೊಟ್ಟಿಲ್ವಲ್ಲೋ,” ಅಂದರು.

ಕೊಡದಿರುವುದಕ್ಕೆ ಕಾರಣ ಇದೆ. ಲೋನಲ್ಲಿ ಹುಟ್ಟುವ ಅಷ್ಟೂ ಶಕ್ತಿಯನ್ನು ಹಿಂದಿನ ಒಂದೇ ಆಕ್ಸಲ್ ಮೇಲೆ ಹೇರಿ ಯಾರಾದರೂ ಜೋರಾಗಿ ಒತ್ತಿದರೆ ಏನಾದರೊಂದು ಮುರಿಯುತ್ತದೆ. ನಾಲ್ಕು ಚಕ್ರಕ್ಕೆ ಹಂಚಿದರೆ ಆ ಭಯ ಕಮ್ಮಿ. ಸರಿ, ನಾಲ್ಕೇ ಇರಲಿ ಅಂತ ಬಾಮೈದ 4ಎಲ್‌ಗೆ ಹಾಕಿದ. ಟ್ರಕ್ಕು ಈಗ ನಿಧಾನವಾಗಿ, ಮರ್ಯಾದೆಯಿಂದ ಹಿಂದೆ ಬಂತು. ಎಲ್ಲಿವರೆಗೆ? ಸ್ಟೀರಿಂಗ್ ತಿರುಗಿಸುವವರೆಗೆ. ತಿರುಗಿಸಿದ್ದೇ ತಡ, ಮುಂದಿನ ಟೈರುಗಳು ಕಟಕಟ ಅಂತ ಕುಪ್ಪಳಿಸಿದವು. ತಿರುವಿನಲ್ಲಿ ಮುಂದಿನ ಚಕ್ರ ದೊಡ್ಡ ಸುತ್ತು ಹೋಗಬೇಕು, ಹಿಂದಿನದು ಚಿಕ್ಕ ಸುತ್ತು. ಈ ಬಗೆಯ ಟ್ರಕ್ಕಿನಲ್ಲಿ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿರುತ್ತದೆ. ಕೆಸರಾಗಿದ್ದರೆ ಟೈರು ಸ್ವಲ್ಪ ಜಾರಿ ಹೊಂದಿಕೊಳ್ಳುತ್ತದೆ. ಒಣ ಸಿಮೆಂಟಿನ ಮೇಲೆ ಎಲ್ಲಿಗೆ ಜಾರೋದು? ಗೇರುಪೆಟ್ಟಿಗೆಯೇ ಹಲ್ಲು ಕಚ್ಚಬೇಕು.

ಈಗ ಕುರ್ಚಿಯಿಂದ ಒಬ್ಬರು ಎದ್ದರು. ಎಪ್ಪತ್ತು ದಾಟಿದ ತಾತ. ಮಾತಾಡದೆ ಬಂದು ಟ್ರಕ್ಕಿನ ಮುಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಚಕ್ರದ ನಡುವೆ ಕೈಯಲ್ಲಿ ತಿರುಗಿಸುವ ಒಂದು ಗುಂಡನೆಯ ತಿರುಪು ಇತ್ತು. ಮೇಲೆ ‘ಲಾಕ್’, ‘ಫ್ರೀ’ ಅಂತ ಎರಡು ಗುರುತು. ಹೆಬ್ಬೆರಳಲ್ಲಿ ಮಣ್ಣು ಒರೆಸಿ, ಟಕ್ ಅಂತ ಫ್ರೀಗೆ ತಿರುಗಿಸಿದರು. ಆ ಕಡೆಯದೂ ಟಕ್. ಇದಕ್ಕೆ ಲಾಕಿಂಗ್ ಹಬ್ ಅನ್ನುತ್ತಾರೆ. ಮಹಾಯುದ್ಧ ಮುಗಿದಾಗ ಉಳಿದ ಜೀಪುಗಳನ್ನು ರಸ್ತೆಯಲ್ಲಿ ಸುಖವಾಗಿ ಓಡಿಸಲಿ ಅಂತ ಆರ್ಥರ್ ವಾರ್ನ್ ಎಂಬುವರು 1948ರಲ್ಲಿ ಇಂಥ ಹಬ್‌ಗಳನ್ನೇ ಮಾಡಿ ಕಂಪನಿ ಶುರು ಮಾಡಿದರು. ಹಬ್ ಫ್ರೀ ಆದರೆ ಮುಂದಿನ ಚಕ್ರಕ್ಕೂ ಆಕ್ಸಲ್ಲಿಗೂ ಸಂಬಂಧ ತಪ್ಪುತ್ತದೆ. ಲಿವರ್ 4ಎಲ್ ಅನ್ನುತ್ತಿರುತ್ತದೆ, ಎಳೆಯುವುದು ಮಾತ್ರ ಹಿಂದಿನ ಎರಡು. ಹೊಸ ಟ್ರಕ್ಕಿನವರಲ್ಲಿ ಹೆಚ್ಚಿನವರಿಗೆ ಈ ಸುಖ ಇಲ್ಲ. ಅಲ್ಲಿ ಎಲ್ಲಾ ಬಟನ್ನು. ಕೆಲವರು ಮುಂದಿನ ಆಕ್ಸಲ್ಲಿನ ವೈರು ಕಿತ್ತು ಇದೇ ಕೆಲಸ ಮಾಡುತ್ತಾರಂತೆ.

“ಟ್ರ್ಯಾಕ್ಟರ್ ಆಯ್ತು ಈಗ,” ಅಂದರು ಮಾವ. ತಾತನಿಗೆ ಕನ್ನಡ ಬರದು, ಆದರೂ ತಲೆಯಾಡಿಸಿದರು.

ಅದಾದ ಮೇಲೆ ನೋಡಬೇಕಿತ್ತು. ಟ್ರೇಲರ್ ಹೇಳಿದ ಮಾತು ಕೇಳಿತು. ಬ್ರೇಕ್ ಮುಟ್ಟುವ ಕೆಲಸವೇ ಇಲ್ಲ. ಬೋಟು ಸುಯ್ ಅಂತ ಜಾರಿ ತೇಲಿತು. ಕುರ್ಚಿಗಳಿಂದ ಚಪ್ಪಾಳೆ. ಈ ಮಧ್ಯೆ ಮಾವ ದಡದಲ್ಲಿ ಹುಡುಕಿ, ತೆಂಗಿನಕಾಯಿ ಗಾತ್ರದ ಒಂದು ಕಲ್ಲು ತಂದು ಮುಂದಿನ ಚಕ್ರದ ಹಿಂದೆ ಇಟ್ಟರು. “ಅಪ್ಪಾ, ಇಲ್ಲಿ ಯಾರೂ ಕಲ್ಲು ಇಡಲ್ಲ. ಪಾರ್ಕ್ ಅಂತ ಗೇರ್ ಇದೆ,” ಅಂತ ಮಗ ನಾಚಿಕೊಂಡು ಅದನ್ನು ಪಕ್ಕಕ್ಕೆ ಒದ್ದ. ಟ್ರಕ್ಕನ್ನು 2ಎಚ್‌ಗೆ ಹಾಕಿಕೊಂಡು ಪಾರ್ಕಿಂಗಿಗೆ ಹೋದ.

ನಾವು ಬೋಟಿನಲ್ಲಿ ಕಾಯುತ್ತಾ ಕೂತಿದ್ದೆವು. ಮಾವ ಚಪ್ಪಲಿ ಎತ್ತಿ ನೋಡಿ, “ಅಳಿಯಂದ್ರೆ, ಬೋಟು ನೀರಲ್ಲಿರಬೇಕೋ, ನೀರು ಬೋಟಲ್ಲಿರಬೇಕೋ?” ಅಂದರು.

ಬೋಟಿನ ಹಿಂಭಾಗದ ತಳದಲ್ಲಿ ಒಂದು ತೂತು, ಅದಕ್ಕೊಂದು ಬಿರಡೆ. ಕೆರೆಯಿಂದ ಕೆರೆಗೆ ಜೀಬ್ರಾ ಮಸ್ಸೆಲ್ ಎಂಬ ಪುಟ್ಟ ಚಿಪ್ಪುಜೀವಿ ಹರಡಬಾರದು ಅಂತ, ರಸ್ತೆಯಲ್ಲಿ ಬೋಟು ಒಯ್ಯುವಾಗ ಆ ಬಿರಡೆ ತೆಗೆದಿರಬೇಕು ಅನ್ನುವುದು ಇಲ್ಲಿನ ಕಾನೂನು. ಬಾಮೈದ ಕಾನೂನು ಪಾಲಿಸಿದ್ದ. ಬಿರಡೆ ಟ್ರಕ್ಕಿನ ಡ್ಯಾಶ್‌ಬೋರ್ಡಿನಲ್ಲಿ ಭದ್ರವಾಗಿತ್ತು.

ಕೂಗಿದ ಕೂಗಿಗೆ ಅವನು ಟ್ರೇಲರ್ ಸಮೇತ ಓಡೋಡಿ ಬಂದ. ಲೋಗೆ ಹಾಕಲು ಪುರುಸೊತ್ತಿಲ್ಲ, 2ಎಚ್‌ನಲ್ಲೇ ಇಳಿಸಿದ. ಬೋಟನ್ನು ಹೇಗೋ ಟ್ರೇಲರಿಗೆ ಹತ್ತಿಸಿ, ವಿಂಚಿನ ಪಟ್ಟಿ ಬಿಗಿದು, ಆಕ್ಸಿಲರೇಟರ್ ಒತ್ತಿದ. ನೀರಿನಂಚಿನಲ್ಲಿ ಪಾಚಿ. ಹಿಂದಿನ ಎರಡು ಚಕ್ರ ನಿಂತಲ್ಲೇ ಗಿರಗಿರ ತಿರುಗಿದವು. ಈಗ ನಿಜಕ್ಕೂ ಬೇಕಾದದ್ದು ನಾಲ್ಕು ಚಕ್ರ. ಮುಂದಿನ ಎರಡು ಒಣ ನೆಲದ ಮೇಲಿದ್ದವು. ಮಾವ ಮತ್ತೆ ಕಲ್ಲು ತಂದು ಅಲ್ಲೇ ಇಟ್ಟರು. ಈ ಸಲ ಮಗ ನೋಡಲಿಲ್ಲ. ಅವನು ಲಿವರನ್ನು 4ಎಲ್ ಕಡೆ ಎಳೆದ, ಪಾರ್ಕಿಗೆ ಹಾಕಿದ, ಹಬ್ ಲಾಕ್ ಮಾಡಲು ಕೆಳಗೆ ಹಾರಿದ.

ಲಿವರ್ ಪೂರ್ತಿ ಹೋಗಿರಲಿಲ್ಲ. ‘ಎನ್’ನಲ್ಲಿ ನಿಂತಿತ್ತು. ಆ ಲಿವರ್ ನ್ಯೂಟ್ರಲ್ ಆದರೆ ಪಾರ್ಕ್ ಗೇರಿಗೆ ಚಕ್ರಗಳ ಸಂಪರ್ಕವೇ ಇರುವುದಿಲ್ಲ, ಹಿಡಿಯುವುದು ಹ್ಯಾಂಡ್ ಬ್ರೇಕ್ ಒಂದೇ. ಅದನ್ನು ಹಾಕಿರಲಿಲ್ಲ. ಟ್ರಕ್ಕು, ಟ್ರೇಲರು, ಬೋಟು, ಬೋಟಿನೊಳಗಿನ ಕೆರೆ, ಎಲ್ಲಾ ಒಟ್ಟಿಗೆ ಹಿಂದಕ್ಕೆ ಹೊರಟವು. ಟೈರು ಕಲ್ಲಿಗೆ ತಾಗಿತು. ಕಲ್ಲು ಗರಗರ ಅಂತ ಒಂದು ಗೇಣು ಜಾರಿ, ಕಾಂಕ್ರೀಟಿನ ಅಡ್ಡಗೆರೆಯಲ್ಲಿ ಸಿಕ್ಕಿ ನಿಂತಿತು. “ಹ್ಯಾಂಡ್ ಬ್ರೇಕ್ ಎಳೀಲಾ!” ಅಂತ ಮಾವ ಕೂಗಿದ್ದು ಆಚೆ ದಡಕ್ಕೆ ಕೇಳಿಸಿರಬೇಕು. ಕುರ್ಚಿಯಲ್ಲಿ ಒಬ್ಬರೂ ಕೂತಿರಲಿಲ್ಲ.

ಆಮೇಲೆ ಲಾಕ್ ಆದ ಹಬ್ಬು, ಸರಿಯಾದ 4ಎಲ್ಲು. ಟ್ರಕ್ಕು ನೇರವಾಗಿ, ಒಂದು ಚೂರೂ ಜಾರದೆ ಮೇಲೆ ಬಂತು. ಬೋಟಿನ ತೂತಿನಿಂದ ಬೋರ್‌ವೆಲ್ಲಿನ ದಪ್ಪಕ್ಕೆ ನೀರು ಸುರಿಯುತ್ತಿತ್ತು. ತಾತ ಬಂದು ಮಾವನ ಕೈ ಕುಲುಕಿ, ತಮ್ಮ ಕುರ್ಚಿ ಕೊಟ್ಟರು.

ಮುಂದಿನ ವಾರ ಬಾಮೈದ ಅಂಗಡಿಯಿಂದ ಹಳದಿ ರಬ್ಬರಿನ ಒಂದು ಜೊತೆ ತಡೆಗಟ್ಟೆ ತಂದ. ಮಾವ ತಿರುಗಿಸಿ ನೋಡಿ ಬೆಲೆ ಕೇಳಿದರು. ಡಾಲರನ್ನು ಮನಸ್ಸಲ್ಲೇ ರೂಪಾಯಿ ಮಾಡಿಕೊಂಡರು. ರಾತ್ರಿ ಊರಿಗೆ ಫೋನ್ ಹಚ್ಚಿ ಹೇಳುತ್ತಿದ್ದರು: “ಇಲ್ಲಿ ಚಕ್ರಕ್ಕೆ ಇಡೋ ಕಲ್ಲೂ ಅಂಗಡೀಲಿ ಮಾರ್ತಾರೆ ಕಣಯ್ಯ!”