ಹೊಡೆ ಬಂದ ಗದ್ದೆ ಮತ್ತು ಕಾಬೂಲ್

ಅಮೆರಿಕ ಅಫ್ಗಾನಿಸ್ತಾನದಿಂದ ಸೈನ್ಯ ಹಿಂತೆಗೆದುಕೊಂಡದ್ದು ಸರಿಯೇ, ತಪ್ಪೇ? ನಾನೂ ನನ್ನ ದೊಡ್ಡಪ್ಪನೂ 2021ರಿಂದ ಈ ವಿಷಯಕ್ಕೆ ಜಗಳವಾಡುತ್ತಿದ್ದೇವೆ. ಹಬ್ಬಕ್ಕೆ ಮದ್ದೂರಿನ ಹತ್ತಿರದ ನಮ್ಮೂರಿಗೆ ಹೋದಾಗಲೆಲ್ಲ ಊಟ ಮುಗಿದ ಮೇಲೆ ಜಗಲಿಯಲ್ಲಿ ಈ ಮಾತು ಬಂದೇ ಬರುತ್ತದೆ. "ಕಾಬೂಲಿನ ಪಂಚಾಯಿತಿ ನಿಮಗೇಕಪ್ಪಾ" ಎಂದು ದೊಡ್ಡಮ್ಮ ಬೈದು ಒಳಗೆ ಹೋಗುತ್ತಾರೆ. ಆದರೆ ಆ ಪಂಚಾಯಿತಿ ನಮ್ಮಿಬ್ಬರಿಗೂ ಬೇಕು.

ನನ್ನ ಕಾರಣ ಮೈಸೂರಿನ ಸರಸ್ವತಿಪುರಂ ಮನೆಯ ಮಹಡಿಯ ಮೇಲಿನ ಕೋಣೆ. ಆಗ ಅಲ್ಲಿ ಬಾಡಿಗೆಗೆ ಇದ್ದವನು ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದ ಒಬ್ಬ ಅಫ್ಗನ್ ಹುಡುಗ. ಊರು ಹೆರಾತ್. 2021ರ ಆಗಸ್ಟ್ 15, ಭಾನುವಾರ. ಬೆಳಿಗ್ಗೆ ಬಡಾವಣೆಯಲ್ಲಿ ಬಾವುಟ ಹಾರಿಸಿ ಹಂಚಿದ ಲಾಡುಗಳಲ್ಲಿ ಒಂದನ್ನು ಅವನಿಗೂ ಕೊಟ್ಟಿದ್ದೆ. ಹೆರಾತ್ ಮೂರು ದಿನ ಮೊದಲೇ ತಾಲಿಬಾನ್ ಕೈ ಸೇರಿತ್ತು. ಸಂಜೆ ಕಾಬೂಲ್ ಸುದ್ದಿ ಬಂದಾಗ ಮೇಲೆ ಹೋದೆ. ಮೆಟ್ಟಿಲ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಕಾಗದದ ತಟ್ಟೆ, ಅದರಲ್ಲಿ ಹಾಗೆಯೇ ಇದ್ದ ಲಾಡು, ಸುತ್ತ ಇರುವೆ. ಮೊಬೈಲ್ ಕಿವಿಗೆ ಹಿಡಿಯುತ್ತಿದ್ದ, ತೆಗೆಯುತ್ತಿದ್ದ, ಮತ್ತೆ ಹಿಡಿಯುತ್ತಿದ್ದ. ಕರೆ ಹೋಗುತ್ತಿರಲಿಲ್ಲ. ಅವನ ತಂಗಿ ಆಗ ಏಳನೆಯ ತರಗತಿಯಲ್ಲಿದ್ದಳು. ಆಮೇಲೆ ಅವಳು ಶಾಲೆಯ ಮೆಟ್ಟಿಲು ಹತ್ತಲಿಲ್ಲ. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಬಾಗಿಲನ್ನೂ ಹೆಣ್ಣುಮಕ್ಕಳಿಗೆ ಮುಚ್ಚಿದರು.

ಆ ದಿನಗಳಲ್ಲಿ ನಾನು ಸಿಟ್ಟಿನಿಂದ ಬರೆದಿದ್ದೆ: ಉಳಿದಿದ್ದವರು 2,500 ಸೈನಿಕರು, ಒಂದೂವರೆ ವರ್ಷದಿಂದ ಅವರಲ್ಲಿ ಒಬ್ಬರೂ ಕಾಳಗದಲ್ಲಿ ಸತ್ತಿರಲಿಲ್ಲ, ಅಷ್ಟು ಜನ ಅಲ್ಲೇ ಇದ್ದಿದ್ದರೆ ಅಮೆರಿಕದ ಗಂಟೇನು ಹೋಗುತ್ತಿತ್ತು? ಆ ಮಾತನ್ನು ಇಂದು ಹಿಂತೆಗೆದುಕೊಳ್ಳುತ್ತೇನೆ. ಅವರು ಸಾಯದೇ ಇದ್ದದ್ದು, ಹೊರಟು ಹೋಗುತ್ತೇವೆ ಎಂದು 2020ರ ಫೆಬ್ರುವರಿ 29ರಂದು ಕತಾರಿನ ದೋಹಾದಲ್ಲಿ ಅಮೆರಿಕ ತಾಲಿಬಾನ್‌ಗೆ ಬರೆದುಕೊಟ್ಟಿದ್ದರಿಂದ. ಆ ಮಾತಿಗಾಗಿಯೇ ತಾಲಿಬಾನ್ ಅವರ ಮೇಲೆ ಗುಂಡು ಹಾರಿಸುವುದನ್ನು ನಿಲ್ಲಿಸಿತ್ತು. ಉಳಿದಿದ್ದರೆ ಯುದ್ಧ ಮತ್ತೆ ಶುರುವಾಗುತ್ತಿತ್ತು, ಸೈನ್ಯ ಮತ್ತೆ ಹೆಚ್ಚಬೇಕಾಗುತ್ತಿತ್ತು. ಇಪ್ಪತ್ತು ವರ್ಷ, ಅಮೆರಿಕದ್ದೇ 2,400ಕ್ಕೂ ಹೆಚ್ಚು ಸೈನಿಕರ ಸಾವು. ಯುದ್ಧಕ್ಕೆ ಮೂಲವಾದ ಬಿನ್ ಲಾಡೆನ್ 2011ರಲ್ಲೇ ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ ಹತನಾಗಿದ್ದ. ಹೊರಡಲೇಬೇಕಿತ್ತು. ಇಷ್ಟರ ಮಟ್ಟಿಗೆ ದೊಡ್ಡಪ್ಪ ಗೆದ್ದರು.

ಆದರೆ ಅವರು ಅಲ್ಲಿಗೇ ನಿಲ್ಲುವುದಿಲ್ಲ. "ತಮ್ಮ ದೇಶಕ್ಕೆ ತಾವೇ ಹೊಡೆದಾಡದವರಿಗೆ ಪರದೇಶದವನು ಎಷ್ಟು ದಿನ ಸಾಯಬೇಕು?" ಎನ್ನುತ್ತಾರೆ. ಕಾಬೂಲ್ ಬಿದ್ದ ಮರುದಿನ ಅಂದಿನ ಅಮೆರಿಕ ಅಧ್ಯಕ್ಷ ಬೈಡನ್ ಆಡಿದ ಮಾತಿನ ಅರ್ಥವೂ ಇದೇ ಆಗಿತ್ತು. ಇದನ್ನು ನಾನು ಒಪ್ಪುವುದಿಲ್ಲ, ಸಾಯುವವರೆಗೂ ಒಪ್ಪುವುದಿಲ್ಲ. ಆ ಇಪ್ಪತ್ತು ವರ್ಷಗಳಲ್ಲಿ ಸತ್ತ ಅಫ್ಗನ್ ಸೈನಿಕರು ಮತ್ತು ಪೊಲೀಸರು 60,000ಕ್ಕೂ ಹೆಚ್ಚು. ಹೊಡೆದಾಡದೆ ಸತ್ತರೇ ಅವರು?

ದೊಡ್ಡಪ್ಪನಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳುತ್ತೇನೆ. ನಮ್ಮ ಜಮೀನು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ಕನ್ನಂಬಾಡಿಯಲ್ಲಿ ನೀರು ಕಡಿಮೆಯಾದ ವರ್ಷ ಬತ್ತ ಬೇಡ, ಅರೆ ಖುಷ್ಕಿ ಬೆಳೆ ಹಾಕಿ ಎಂದು ಮುಂಚೆಯೇ ಹೇಳಿದರೆ ರೈತ ಬೈದುಕೊಂಡಾದರೂ ರಾಗಿ ಹಾಕುತ್ತಾನೆ. ಕಟ್ಟು ನೀರು ಕೊಟ್ಟರೆ ಅದರಲ್ಲೇ ತೂಗಿಸುತ್ತಾನೆ. ನಾಟಿ ಮಾಡಿಸಿ, ಗೊಬ್ಬರ ಹಾಕಿಸಿ, ಪೈರಿನ ಒಡಲಲ್ಲಿ ತೆನೆ ಕಟ್ಟಿ ಹೊಡೆ ಬರುವ ಹೊತ್ತಿಗೆ ತೂಬು ಮುಚ್ಚಿಬಿಟ್ಟರೆ ತೆನೆಯೆಲ್ಲ ಜೊಳ್ಳು. ಆಗ ಆ ಗದ್ದೆಯ ಬದುವಿನ ಮೇಲೆ ನಿಂತು "ಈ ರೈತನಿಗೆ ಬೇಸಾಯ ಬರುವುದಿಲ್ಲ" ಎಂದವನನ್ನು ನಮ್ಮೂರಿನವರು ಸುಮ್ಮನೆ ಬಿಡುತ್ತಾರೆಯೇ?

ಅಫ್ಗನ್ ಸೈನ್ಯಕ್ಕೆ ಆದದ್ದು ಅದೇ. ಬಹುಮಟ್ಟಿಗೆ ತಾವೇ ದುರಸ್ತಿ ಮಾಡಿಕೊಳ್ಳುತ್ತಿದ್ದ ರಷ್ಯಾದ ಎಂಐ-17 ಹೆಲಿಕಾಪ್ಟರ್‌ಗಳನ್ನು ಬಿಡಿಸಿ ಅಮೆರಿಕದ ಬ್ಲ್ಯಾಕ್ ಹಾಕ್ ರೂಢಿ ಮಾಡಿಸಿದರು, ರಾಗಿ ಬೆಳೆಯುತ್ತಿದ್ದವನಿಂದ ಬತ್ತ ಹಾಕಿಸಿದ ಹಾಗೆ. ಅವುಗಳ ದುರಸ್ತಿ ವಿದೇಶಿ ಗುತ್ತಿಗೆದಾರರ ಕೈಯಲ್ಲಿತ್ತು, ಅವರೂ ಸೈನ್ಯದ ಜೊತೆಗೇ ಗಂಟುಮೂಟೆ ಕಟ್ಟಿದರು. ಗುಡ್ಡದ ಮೇಲಿನ ಠಾಣೆಗೆ ಮದ್ದುಗುಂಡನ್ನೂ ಅನ್ನವನ್ನೂ ತಲುಪಿಸುತ್ತಿದ್ದವೇ ಆ ವಿಮಾನ, ಹೆಲಿಕಾಪ್ಟರ್‌ಗಳು. ದೋಹಾದ ಒಪ್ಪಂದಕ್ಕೆ ಅಫ್ಗನ್ ಸರ್ಕಾರದ ಸಹಿಯೇ ಇರಲಿಲ್ಲ, ಆದರೂ ಅದರ ಸೆರೆಯಲ್ಲಿದ್ದ 5,000 ತಾಲಿಬಾನಿಗಳನ್ನು ಬಿಡಿಸುವ ಮಾತು ಅದರಲ್ಲಿತ್ತು. 2021ರ ಜುಲೈ ಆರಂಭದಲ್ಲಿ ಅಮೆರಿಕನ್ನರು ತಮ್ಮ ಬಗ್ರಾಮ್ ವಾಯುನೆಲೆಯನ್ನು ರಾತ್ರೋರಾತ್ರಿ ಖಾಲಿ ಮಾಡಿದರು. ಅವರು ಹೋದದ್ದು ತಮಗೆ ಗೊತ್ತಾದದ್ದು ಹೋದ ಮೇಲೆಯೇ ಎಂದು ಅದನ್ನು ವಹಿಸಿಕೊಂಡ ಅಫ್ಗನ್ ಜನರಲ್ ಸುದ್ದಿಗಾರರ ಮುಂದೆ ಹೇಳಿದರು. ಆಗಸ್ಟ್ 6ರಂದು ಮೊದಲ ಪ್ರಾಂತ್ಯ ರಾಜಧಾನಿ ಝರಂಜ್ ಬಿತ್ತು. ಒಂಬತ್ತನೆಯ ದಿನಕ್ಕೆ ಕಾಬೂಲ್. ಅಲ್ಲಿನ ಮೇಲಧಿಕಾರಿಗಳು ಸೈನಿಕರ ಸಂಬಳ ನುಂಗಿದ್ದರು, ಅಧ್ಯಕ್ಷ ಘನಿ ಓಡಿಹೋದರು, ಅದೆಲ್ಲ ನಿಜ. ಅದರ ಪಾಪವನ್ನು ಠಾಣೆಯಲ್ಲಿ ಹಸಿದು ಕುಳಿತಿದ್ದ ಪೇದೆಯ ತಲೆಗೆ ಕಟ್ಟಬೇಡಿ.

ಇನ್ನು ದೊಡ್ಡಪ್ಪನ ಕಾರಣ. ಅವರು ನಮ್ಮ ಶಾಂತಿಪಾಲನಾ ಪಡೆಯೊಂದಿಗೆ ಶ್ರೀಲಂಕಾದಲ್ಲಿದ್ದವರು. 1987ರ ಜುಲೈನಲ್ಲಿ ಒಪ್ಪಂದವಾಗಿ ಹೋದ ಪಡೆ, ಹೊರಡಿ ಎಂದು ಅಲ್ಲಿನ ಅಧ್ಯಕ್ಷ ಪ್ರೇಮದಾಸ ಪಟ್ಟು ಹಿಡಿದ ಮೇಲೆ 1990ರ ಮಾರ್ಚ್ 24ರಂದು ಟ್ರಿಂಕೋಮಲಿಯಿಂದ ಕೊನೆಯ ಹಡಗು ಹತ್ತಿತು. ಅಷ್ಟರಲ್ಲಿ ನಮ್ಮವರು ಸುಮಾರು 1,200 ಮಂದಿ ಸತ್ತಿದ್ದರು. ನಮ್ಮ ಬೆಂಬಲದಲ್ಲಿ ಕಟ್ಟಿದ ತಮಿಳು ರಾಷ್ಟ್ರೀಯ ಸೇನೆ ಎಲ್‌ಟಿಟಿಇ ಎದುರು ನಿಲ್ಲಲಾರದೆ ಚದುರಿಹೋಯಿತು. ಲಂಕೆಯ ಯುದ್ಧ ಮುಗಿದದ್ದು 2009ರಲ್ಲಿ. ಜೊತೆಯವರ ಹೆಣ ಹೊತ್ತ ಮನುಷ್ಯ ದೊಡ್ಡಪ್ಪ. ಸೈನ್ಯ ಮನೆಗೆ ಬರಬೇಕು ಎಂದು ಅವರು ಹೇಳುವಾಗ ನಾನು ತಲೆ ತಗ್ಗಿಸಿ ಕೇಳುತ್ತೇನೆ.

ಅವರ ಎಲೆ ಅಡಿಕೆ ಇರುವುದು ತಾಳೆಗರಿಯಲ್ಲಿ ಹೆಣೆದ ಒಂದು ಸಣ್ಣ ಪೆಟ್ಟಿಗೆಯಲ್ಲಿ. ಮುಚ್ಚಳದ ಕೆಂಪು ಬಣ್ಣ ಮಾಸಿ ಹೋಗಿದೆ, ಒಂದು ಮೂಲೆಗೆ ದೊಡ್ಡಮ್ಮ ದಾರ ಹಾಕಿ ಹೊಲಿದಿದ್ದಾರೆ. ಟ್ರಿಂಕೋಮಲಿಯಲ್ಲಿ ಇವರ ತುಕಡಿಗೆ ದಾರಿ ತೋರಿಸುತ್ತಿದ್ದ, ಕುಡಿಯುವ ನೀರಿನ ಬಾವಿ ಯಾವುದೆಂದು ಹೇಳುತ್ತಿದ್ದ ತಮಿಳು ಹುಡುಗನೊಬ್ಬ ಕೊಟ್ಟದ್ದು ಎಂದು ಮಾತ್ರ ನನಗೆ ಗೊತ್ತಿತ್ತು.

ಈ ಸಲ ನಾಲೆಯ ಮಾತನ್ನೂ ಬಗ್ರಾಮ್‌ನ ಮಾತನ್ನೂ ಪೂರ್ತಿ ಹೇಳಿದೆ. ದೊಡ್ಡಪ್ಪ ಎದುರು ವಾದಿಸಲಿಲ್ಲ. ಎಲೆಗೆ ಸುಣ್ಣ ಸವರುತ್ತಿದ್ದವರು ಹಾಗೆಯೇ ನಿಲ್ಲಿಸಿದರು. "ನಮಗೂ ಹಡಗಿನ ದಿನ ಗೊತ್ತಾದದ್ದು ಹಿಂದಿನ ರಾತ್ರಿಯೇ ಮಗ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಸಂಜೆ ಆ ಹುಡುಗ ಬಂದಿದ್ದ. ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದ. ಏಳಕ್ಕೆ ಬಾ ಎಂದೆ."