ನಾನು ಆಡಿಲ್ಲ ಭಾವ, ಆದರೂ...

ದಂಡ 250 ರೂಪಾಯಿ, ಅದರ ಮೇಲೆ ಟಿಕೆಟ್ಟಿನ ದುಡ್ಡು, ಆಫೀಸಿನಲ್ಲಿ ಲೇಟ್ ಮಾರ್ಕು, ಅರ್ಧ ಲೀಟರಿನ ಎರಡು ಹಾಲಿನ ಪ್ಯಾಕೆಟ್, ಒಂದು ಇಸ್ತ್ರಿ ಮಾಡಿದ ಪ್ಯಾಂಟು. 2025ರ ಡಿಸೆಂಬರ್ 12ರ ಶುಕ್ರವಾರ ಬೆಳಗ್ಗೆ ನನಗಾದ ನಷ್ಟದ ಲೆಕ್ಕ ಇದು. ಲಾಸ್ ಏಂಜಲೀಸಿನಲ್ಲಿ ವರ್ಷದ ಒಳ್ಳೆಯ ವಿಡಿಯೋ ಗೇಮ್ ಯಾವುದು ಅಂತ ಪ್ರಶಸ್ತಿ ಕೊಡುತ್ತಿದ್ದರು. ಅದರ ದಂಡ ನಾನು ಮುಂಬಯಿಯ ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಕಟ್ಟಿದೆ.

ಎಲ್ಲಕ್ಕೂ ಕಾರಣ ಭಾವ. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಪುತ್ತೂರಿನ ಹತ್ತಿರ ಅಡಿಕೆ ತೋಟ. ಇಬ್ಬರಿಗೂ 47 ವರ್ಷ, ಹಾಗಾಗಿ ಏಕವಚನ. ಅವನು ನನಗೆ ಭಾವ, ನಾನು ಅವನಿಗೆ ಭಾವ. ನಾವು ಜಗಳ ಆಡುವಾಗ ಯಾರು ಯಾರಿಗೆ ಬೈಯುತ್ತಿದ್ದಾರೆ ಅಂತ ಪಕ್ಕದ ಮನೆಯವರಿಗೆ ತಿಳಿಯುವುದೇ ಇಲ್ಲ. ಮುಲುಂಡಿನಲ್ಲಿ ಒಂದು ಉಪನಯನ ಇತ್ತು. ಅದು ಮುಗಿಸಿ ‘ಮೂರು ದಿನ ಇದ್ದು ಹೋಗ್ತೇನೆ’ ಅಂತ ಡೊಂಬಿವಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಗೆ ಬಂದ. ಇವತ್ತಿಗೆ 19 ದಿನ. ಕೇಳಿದರೆ ಅಡಿಕೆ ಕೊಯ್ಲಿಗೆ ಇನ್ನೂ ಟೈಮ್ ಉಂಟು ಅನ್ನುತ್ತಾನೆ.

ಅವನು ಮಲಗುವುದು ಹಾಲ್‌ನಲ್ಲಿ. ಹಾಲ್‌ನಲ್ಲೇ ಟಿವಿ, ಟಿವಿಯ ಕೆಳಗೆ ವಿಡಿಯೋ ಗೇಮ್ ಆಡುವ ಪ್ಲೇಸ್ಟೇಷನ್. ಮಗನಿಗೆ ಅಂತ ತಂದದ್ದು. ಮಗ ಮಣಿಪಾಲಕ್ಕೆ ಓದಲು ಹೋದ ಮೇಲೆ ‘ಧೂಳು ಹಿಡೀಬಾರದು’ ಅಂತ ರಾತ್ರಿ ಹತ್ತರ ಮೇಲೆ ನಾನೇ ಸ್ವಲ್ಪ ಸ್ವಲ್ಪ ಆಡುತ್ತೇನೆ. ಈಗ ಆಡುತ್ತಿರುವುದು ‘ಸಿಲ್ಕ್‌ಸಾಂಗ್’. ಕೈಯಲ್ಲಿ ಸೂಜಿ ಹಿಡಿದ ಹಾರ್ನೆಟ್ ಎಂಬ ಹುಳ ಅದರ ನಾಯಕಿ. ಆಸ್ಟ್ರೇಲಿಯಾದ ಅಡಿಲೇಡಿನ ಮೂರೇ ಜನ ಮುಖ್ಯವಾಗಿ ಕೂತು ಮಾಡಿದ ಆಟ. ಬರುತ್ತದೆ ಅಂತ ಹೇಳಿದ್ದು 2019ರಲ್ಲಿ, ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಕಷ್ಟ ಅಂದರೆ ಸುಮ್ನೆ ಕಷ್ಟ ಅಲ್ಲ. ಆ ಲೋಕದಲ್ಲಿ ಕೆಲವು ಕಡೆ ಬೆಂಚಿನ ಮೇಲೆ ಕೂರಲೂ ದುಡ್ಡು ಕೊಡಬೇಕು. ‘ಲಾಸ್ಟ್ ಜಡ್ಜ್’ ಅಂತ ಒಬ್ಬ ಇದ್ದಾನೆ. ಅವನ ಬಾಗಿಲಿಗೆ ಹೋಗುವುದೇ ಒಂದು ಯಾತ್ರೆ. ಹೋಗಿ, ಸತ್ತು, ಮತ್ತೆ ಮೊದಲಿಂದ ಹೋಗಬೇಕು. ಹೇಗೋ ಹೊಡೆದು ಬೀಳಿಸಿದರೆ ಸಾಯುವಾಗ ಸಿಡಿದು ನಮ್ಮನ್ನೂ ಕರೆದುಕೊಂಡು ಹೋಗುತ್ತಾನೆ. ಮೂರು ವಾರದಿಂದ ನಾನು ಅವನ ಹತ್ತಿರ ಸಾಯುತ್ತಿದ್ದೇನೆ.

ಸತ್ತಾಗಲೆಲ್ಲ ಹಿಂದಿನಿಂದ, ಚಾಪೆಯ ಮೇಲಿಂದ, ಒಂದು ದನಿ ಬರುತ್ತದೆ. ‘ನಾನು ಆಡಿಲ್ಲ ಭಾವ, ಆದರೂ ನೀನು ಎಡಕ್ಕೆ ಹಾರಬೇಕಿತ್ತು.’

ಇದು ಅವನ ಪಲ್ಲವಿ. ಜನ್ಮದಲ್ಲಿ ಕಂಟ್ರೋಲರ್ ಮುಟ್ಟಿದವನಲ್ಲ. ಆದರೆ ದಿನವಿಡೀ ಯೂಟ್ಯೂಬಿನಲ್ಲಿ ಬೇರೆಯವರು ಆಡುವುದನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಾನೆ. ಯಾವ ಆಟಕ್ಕೆ ಎಷ್ಟು ಅಂಕ ಬಂತು, ಯಾರು ಸಂಗೀತ ಮಾಡಿದರು, ಎಲ್ಲ ಬಾಯಿಪಾಠ. 2018ರಲ್ಲಿ ‘ರೆಡ್ ಡೆಡ್ ರಿಡೆಂಪ್ಷನ್ 2’ ಬಿಟ್ಟು ‘ಗಾಡ್ ಆಫ್ ವಾರ್’ಗೆ ಈ ಪ್ರಶಸ್ತಿ ಕೊಟ್ಟದ್ದು ಅನ್ಯಾಯ ಅಂತ ಇವತ್ತಿಗೂ ಊಟ ಬಿಟ್ಟು ಮಾತಾಡುತ್ತಾನೆ. ಎರಡನ್ನೂ ಆಡಿಲ್ಲ. ಈ ರೋಗ ಗೇಮಿಗೇ ನಿಂತಿದ್ದರೆ ಸಹಿಸಬಹುದಿತ್ತು. ‘ನಾನು ತಿಂದಿಲ್ಲ, ಆದರೂ ವಡಾಪಾವಿಗೆ ಬೆಳ್ಳುಳ್ಳಿ ಜಾಸ್ತಿ.’ ‘ನಾನು ನೋಡಿಲ್ಲ, ಆದರೂ ನಿಮ್ಮ ಆಫೀಸಲ್ಲಿ ನಿನ್ನನ್ನು ದುಡಿಸಿಕೊಳ್ತಾರೆ.’ ಇದು ನಿಜ, ಬಿಡಿ. ಹೋದ ವಾರ ಹೇಳಿದ್ದು ಮಾತ್ರ ನೆನಪಿಟ್ಟುಕೊಳ್ಳಿ: ‘ನಾನು ಲೋಕಲ್ ಹತ್ತಿಲ್ಲ ಭಾವ, ಆದರೂ ನೀವು ಹತ್ತುವ ಕ್ರಮವೇ ತಪ್ಪು.’

ಸರಿ, ಶುಕ್ರವಾರಕ್ಕೆ ಬರೋಣ. ಲಾಸ್ ಏಂಜಲೀಸಿನಲ್ಲಿ ಗುರುವಾರ ಸಂಜೆ ಐದು ಗಂಟೆ ಅಂದರೆ ನಮಗೆ ಬೆಳಗ್ಗೆ ಆರೂವರೆ. ಜಗತ್ತಿನ ಯಾವ ಸಮಾರಂಭವೂ ಇಷ್ಟು ಕೆಟ್ಟ ಹೊತ್ತಿನಲ್ಲಿ ಇರಬಾರದು. ನಲ್ಲಿಯಲ್ಲಿ ನೀರು ಬರುವುದು ಆಗ, ಕುಕ್ಕರ್ ಕೂಗುವುದು ಆಗ, ಡಬ್ಬಿ ಕಟ್ಟುವುದು ಆಗ. ಭಾವ ಮಾತ್ರ ಸ್ನಾನ ಮುಗಿಸಿ, ಲುಂಗಿ ಉಟ್ಟು, ವಿಭೂತಿ ಹಚ್ಚಿ ಟಿವಿಯ ಮುಂದೆ ಕೂತಿದ್ದ.

ವರ್ಷದ ಆಟದ ಪಟ್ಟಿಯಲ್ಲಿ ಆರು ಹೆಸರು. ನನ್ನದು ಸಿಲ್ಕ್‌ಸಾಂಗ್. ಅವನದು ‘ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’. ಫ್ರಾನ್ಸಿನ ಮಾಂಪೆಲಿಯೇ ಊರಿನ ಸುಮಾರು ಮೂವತ್ತು ಜನರ ತಂಡದ್ದು. ಕಥೆ ಹೀಗೆ. ದೂರದಲ್ಲಿ ಒಬ್ಬಳು ಚಿತ್ರ ಬರೆಯುವವಳು. ವರ್ಷಕ್ಕೊಮ್ಮೆ ಒಂದು ಸಂಖ್ಯೆ ಬರೆಯುತ್ತಾಳೆ. ಆ ವಯಸ್ಸಿನವರೆಲ್ಲ ಹೂವಿನ ಎಸಳಾಗಿ ಹಾರಿಹೋಗುತ್ತಾರೆ. ವರ್ಷ ವರ್ಷ ಸಂಖ್ಯೆ ಒಂದೊಂದು ಇಳಿಯುತ್ತದೆ. ಈಗ 33ಕ್ಕೆ ಬಂದಿದೆ.

ಡಬ್ಬಿಗೆ ಪಲ್ಯ ಹಾಕುತ್ತಿದ್ದ ನನ್ನ ಹೆಂಡತಿ ಕೇಳಿಸಿಕೊಂಡಳು. ‘ಹಾಗಾದ್ರೆ ನೀವಿಬ್ಬರೂ ಹದಿನಾಲ್ಕು ವರ್ಷದ ಹಿಂದೆಯೇ ಹಾರಿಹೋಗಿ ನನಗೆ ಹಾಲ್ ಖಾಲಿ ಸಿಗ್ತಿತ್ತು.’

‘ಹದಿನಾಲ್ಕಲ್ಲ, ಏಳು’ ಅಂದ ಭಾವ. ‘ಸಂಖ್ಯೆ ಇಳಿಯುತ್ತದೆ, ವಯಸ್ಸು ಏರುತ್ತದೆ. ಏಳು ವರ್ಷದ ಹಿಂದೆ ಸಂಖ್ಯೆ ನಲವತ್ತು, ನಮಗೂ ನಲವತ್ತು. ನಾನು ಆಡಿಲ್ಲ, ಆದರೂ ಲೆಕ್ಕ ಲೆಕ್ಕವೇ.’

ಅವಳು ಸಟ್ಟುಗ ಇಟ್ಟು ಒಳಗೆ ಹೋದಳು.

ನಾನು ಬಕೆಟ್ಟಿನಿಂದ ಬಕೆಟ್ಟಿಗೆ ಓಡುತ್ತಾ ವಾದ ಮಾಡಿದೆ. ಎಕ್ಸ್‌ಪೆಡಿಷನ್ 33 ಒಳ್ಳೆಯದೇ, ನಾನೂ ಅರ್ಧ ಆಡಿದ್ದೇನೆ. ನನ್ನ ತಕರಾರು ಬೇರೆ. ಅದನ್ನು ಇಂಡಿ, ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದ ಸಣ್ಣ ತಂಡಗಳ ಆಟಗಳ ಸಾಲಿನಲ್ಲೂ ಕೂರಿಸಿದ್ದಾರೆ. ಚಾರ್ಲಿ ಕಾಕ್ಸ್, ಆಂಡಿ ಸರ್ಕಿಸ್ ಅಂಥ ಹೆಸರಾಂತ ಸಿನಿಮಾ ನಟರು ದನಿ ಕೊಟ್ಟ ಆಟ ಅದು! ಕಾರು ಇಟ್ಟುಕೊಂಡು ಬಿಪಿಎಲ್ ಕಾರ್ಡ್ ಮಾಡಿಸಿದ ಹಾಗಾಯಿತು, ಅಲ್ವಾ? ಮೂರು ಜನರ ಸಿಲ್ಕ್‌ಸಾಂಗ್ ಅದೇ ಕ್ಯೂನಲ್ಲಿ ನಿಂತು ಅಕ್ಕಿ ತಗೋಬೇಕು.

ತೀರ್ಪಿನ ಕ್ರಮವೂ ಹಾಗೆಯೇ. ಜಗತ್ತಿನ ನೂರಕ್ಕೂ ಹೆಚ್ಚು ಪತ್ರಿಕೆ, ಜಾಲತಾಣಗಳ ತೀರ್ಪುಗಾರರಿಗೆ ನೂರಕ್ಕೆ 90 ಪಾಲು. ನಮ್ಮಂಥ ಆಡುವವರ ಓಟಿಗೆ 10. (‘ಮನೆಯಲ್ಲಿ ನಿಮ್ಮದೂ ಅಷ್ಟೇ’ ಅಂತ ಒಳಗಿನಿಂದ ದನಿ ಬಂತು.) ಆ ಹತ್ತರಲ್ಲೂ ಭಾವ ಕೈ ಹಾಕಿದ್ದ. ಆಡದೇ ಓಟು ಹಾಕಿದ್ದ!

ದೊಡ್ಡ ಪ್ರಶಸ್ತಿ ಕೊನೆಗೆ. ಅಷ್ಟರವರೆಗೆ ಕಾಯುವ ಭಾಗ್ಯ ನನ್ನ ಲೋಕಲ್ಲಿಗಿಲ್ಲ. ಏಳೂಮುಕ್ಕಾಲಿಗೆ ಹೊರಟೆ. ‘ಹಾಲು ತರಬೇಕು, ಸ್ಟೇಷನ್ ತನಕ ಬರ್ತೇನೆ’ ಅಂತ ಭಾವ ಹಿಂದೆಯೇ ಬಂದ. ದಾರಿಯಲ್ಲಿ ಹಾಲು ತಗೊಂಡ. ಅಲ್ಲಿಂದ ಮನೆಗೆ ತಿರುಗಬೇಕಿತ್ತು. ತಿರುಗಲಿಲ್ಲ. ವಾದ ಸೇತುವೆ ಹತ್ತಿತು, ಸೇತುವೆ ಇಳಿಯಿತು, ಪ್ಲಾಟ್‌ಫಾರ್ಮಿಗೆ ಬಂತು.

‘ಎಕ್ಸ್‌ಪೆಡಿಷನ್ನಿನಲ್ಲಿ ಸರದಿ ಪ್ರಕಾರ ಹೊಡೆದಾಟ ಭಾವ, ಅದು ಸಂಸ್ಕಾರ’ ಅಂತ ವಿವರಿಸುತ್ತಿದ್ದ. ‘ನೀನು ಹೊಡಿ, ನಾನು ಕಾಯ್ತೇನೆ. ಆಮೇಲೆ ನಾನು ಹೊಡಿತೇನೆ, ನೀನು...’

ಗಾಡಿ ಬಂತು.

ಡೊಂಬಿವಲಿಯ ಫಾಸ್ಟ್ ಲೋಕಲ್ ಸರದಿ ಪ್ರಕಾರ ಹತ್ತುವಂಥದ್ದಲ್ಲ. ನಾವು ಹತ್ತುವುದೂ ಇಲ್ಲ. ಜಾಗ ನೋಡಿ ನಿಂತರೆ ಸಾಕು, ಹಿಂದಿನವರು ಹತ್ತಿಸುತ್ತಾರೆ. ಇಪ್ಪತ್ತು ವರ್ಷದಲ್ಲಿ ನಾನು ಕಲಿತದ್ದು ನಿಲ್ಲುವ ಜಾಗ ಮಾತ್ರ. ಭಾವ ನಿಂತಿದ್ದು ಸರಿಯಾಗಿ ಆ ಜಾಗದಲ್ಲೇ, ನನ್ನ ಪಕ್ಕ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನಾನು ಒಳಗೆ. ತಿರುಗಿ ನೋಡಿದರೆ ಒಂದು ಲುಂಗಿ, ಎರಡು ಹಾಲಿನ ಪ್ಯಾಕೆಟ್, ವಿಭೂತಿಯ ಮೂರು ಪಟ್ಟೆ ಕೂಡ ಒಳಗೆ. ‘ಕಾಕಾ, ಆತ್ ಸರಕಾ!’ ಅಂತ ಬಾಗಿಲಿನವರು ಇನ್ನೊಂದು ದೂಡು ದೂಡಿದರು. ಒಂದು ಚಪ್ಪಲಿ ಡೊಂಬಿವಲಿಯಲ್ಲೇ ಉಳಿಯಿತು.

ಬೇರೆ ಯಾರಾದರೂ ಆಗಿದ್ದರೆ ಕೂಗುತ್ತಿದ್ದರು. ಭಾವ ಹಾಲನ್ನು ದೇವರಿಗೆ ಎತ್ತಿದ ಹಾಗೆ ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದ. ವಾಕ್ಯ ಪೂರ್ತಿ ಮಾಡಿದ. ‘...ನೀನು ಕಾಯಬೇಕು. ಅದು ಕಲೆ.’

ನಮ್ಮ ಗ್ರೂಪಿನ ಶೆಟ್ರು ತಿಂಗಳಾನುಗಟ್ಟಲೆ ಮಾತಾಡದ ಮನುಷ್ಯ. ಅವರೂ ಕಣ್ಣು ಬಿಟ್ಟರು. ‘ಎಂತ ಅವಾರ್ಡು ಮಾರಾಯ್ರೆ? ಯಾರ ಪಿಚ್ಚರ್?’

ಭಾವ ಅವರಿಗೆ ಮೊದಲಿಂದ ಹೇಳಿದ. ಪಕ್ಕದಲ್ಲಿ ಕಿವಿಗೆ ಇಯರ್‌ಫೋನ್ ಹಾಕಿದ ಕಾಲೇಜು ಹುಡುಗನೊಬ್ಬ ‘ಎಕ್ಸ್‌ಪೆಡಿಷನ್’ ಅಂದದ್ದಕ್ಕೆ ತಿರುಗಿದ. ಅವನ ಮೊಬೈಲಿನಲ್ಲಿ ಅದೇ ಸಮಾರಂಭ ಓಡುತ್ತಿತ್ತು. ಲುಂಗಿಯ ಕಾಕಾ ಪಾತ್ರಗಳ ಹೆಸರು ಹೇಳಿದ್ದು, ಸಂಗೀತ ಹೊಗಳಿದ್ದು ಕೇಳಿ ಅವನಿಗೆ ಭಕ್ತಿಯೇ ಬಂತು. ‘ಅಂಕಲ್, ಆಪ್ ಗೇಮರ್ ಹೋ?’

ಆಗ ಒಮ್ಮೆಯಾದರೂ ಭಾವ ಪಲ್ಲವಿ ಹಾಡಬೇಕಿತ್ತು. ಹಾಡಲಿಲ್ಲ. ಹಾಲಿನ ಕೆಳಗಿನಿಂದ ಸಣ್ಣಗೆ ನಕ್ಕ. ಹುಡುಗ ಸೆಲ್ಫಿ ತೆಗೆದುಕೊಂಡ. ಮೂರು ವಾರದಿಂದ ಲಾಸ್ಟ್ ಜಡ್ಜಿನ ಕೈಯಲ್ಲಿ ಸಾಯುತ್ತಿರುವ ನಾನು ಆ ಸೆಲ್ಫಿಯಲ್ಲಿ ಮೊಣಕೈ ಮಾತ್ರ.

ಠಾಣೆಯಲ್ಲಿ ಇಳಿಸೋಣ ಅಂದರೆ ಇಳಿಯುವವರ ಎರಡು ಪಟ್ಟು ಜನ ಹತ್ತಿದರು. ಅಲ್ಲೇ ಒಂದು ಪ್ಯಾಕೆಟ್ ಒಡೆದು ನನ್ನ ಪ್ಯಾಂಟಿಗೆ ಅಭಿಷೇಕ ಆಯಿತು. ಘಾಟ್ಕೋಪರಿನಲ್ಲಿ ಮಾತ್ರ ನಾವು ಇಳಿಯಬೇಕಾಗಲಿಲ್ಲ, ಇಳಿಸಲ್ಪಟ್ಟೆವು. ಸೇತುವೆಯ ಮೇಲೆ ಟೀಸಿ. ಇಡೀ ಪ್ಲಾಟ್‌ಫಾರ್ಮಿನಲ್ಲಿ ಒಂದೇ ಚಪ್ಪಲಿಯ ಮನುಷ್ಯ ಇವನೊಬ್ಬನೇ, ಕಣ್ಣಿಗೆ ಬೀಳದೆ ಇರುತ್ತಾನೆಯೇ?

‘ಟಿಕೆಟ್?’

‘ಹಮ್ ಪ್ಯಾಸೆಂಜರ್ ನಹೀಂ ಹೈ’ ಅಂದ ಭಾವ, ತುಂಬ ಘನತೆಯಿಂದ. ‘ಹಮ್ ಬಾತ್ ಕರ್ನೇ ಆಯಾ.’

ಟೀಸಿ ಹಾಲು ನೋಡಿದರು, ಲುಂಗಿ ನೋಡಿದರು, ನನ್ನನ್ನು ನೋಡಿದರು. ನಾನು ಮೊಬೈಲ್ ತೆಗೆದೆ.

ರಸೀದಿ ಹಿಡಿದು, ಅವನಿಗೆ ವಾಪಸ್ ಟಿಕೆಟ್ ಕೊಡಿಸಿ, ಸ್ಲೋ ಗಾಡಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತೆವು. ಇಲ್ಲಿ ಕೂರಲು ದುಡ್ಡಿಲ್ಲ, ಪುಣ್ಯ. ನನಗೆ ಬೈಯಲು ಶಬ್ದ ಹುಡುಕುವಷ್ಟು ಸಿಟ್ಟು. ಅವನು ಹಾಲಿನ ಪ್ಯಾಕೆಟ್ ತೊಡೆಯ ಮೇಲಿಟ್ಟುಕೊಂಡು ಹಳಿ ನೋಡುತ್ತಾ ಹೇಳಿದ. ‘ಪುತ್ತೂರಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು ಭಾವ. ಅರ್ಧ ಗಂಟೆಗೆ ಎರಡು ರೂಪಾಯಿ. ಶಾಲೆ ಬಿಟ್ಟ ಮೇಲೆ ಬಸ್ಸು ಬರುವ ತನಕ ನಾನು ಅಲ್ಲೇ, ಆಡುವವರ ಬೆನ್ನ ಹಿಂದೆ. ಬಸ್ಸಿನ ಚಿಲ್ಲರೆ ಮಾತ್ರ ಇರ್ತಿತ್ತು ಕೈಯಲ್ಲಿ. ಎಡಕ್ಕೆ ಹಾರು ಅಂತ ಹೇಳಿದ್ರೆ ಕೆಲವರು ಹಾರ್ತಿದ್ರು, ಗೆಲ್ತಿದ್ರು.’

ನಾನು ಏನೂ ಅನ್ನಲಿಲ್ಲ. ಮುಂದಿನ ಗಾಡಿಯ ಘೋಷಣೆ ಆಯಿತು. ಸಿಟ್ಟೂ ಸ್ವಲ್ಪ ತಗ್ಗಿತ್ತು. ಅಷ್ಟರಲ್ಲಿ ಅವನೇ ಅಂದ, ‘ನೀನು ಮಾತ್ರ ಹಾರುವುದಿಲ್ಲ.’ ಸಿಟ್ಟು ಮತ್ತೆ ಬಂತು.

ಫಲಿತಾಂಶ ನಾನು ಆಫೀಸಿನಲ್ಲಿ, ಹಾಲಿನ ವಾಸನೆಯ ನಡುವೆ ನೋಡಿದೆ. ವರ್ಷದ ಆಟ ಎಕ್ಸ್‌ಪೆಡಿಷನ್ 33. ಒಟ್ಟು ಒಂಬತ್ತು ಪ್ರಶಸ್ತಿ. ಒಂದೇ ವರ್ಷ ಇಷ್ಟು ಯಾರೂ ತಗೊಂಡಿರಲಿಲ್ಲ. 2020ರಲ್ಲಿ ‘ದಿ ಲಾಸ್ಟ್ ಆಫ್ ಅಸ್’ನ ಎರಡನೇ ಭಾಗಕ್ಕೆ ಏಳು ಬಂದಿತ್ತು. ಶಾಲಾ ವಾರ್ಷಿಕೋತ್ಸವದಲ್ಲಿ ಒಬ್ಬನೇ ಹುಡುಗ ಎಲ್ಲ ಸ್ಟೀಲ್ ಲೋಟ ಒಯ್ಯುತ್ತಿದ್ದನಲ್ಲ, ಹಾಗೆ. ಸಿಲ್ಕ್‌ಸಾಂಗಿಗೆ ಸಾಹಸ ಆಟಗಳ ವಿಭಾಗದಲ್ಲಿ ಒಂದು ಲೋಟ.

ಸಂಜೆ ಮನೆಗೆ ಬಂದರೆ ಉಳಿದ ಪ್ಯಾಕೆಟ್ಟಿನ ಹಾಲು ಕಾಯಿಸುವಾಗ ಒಡೆದಿತ್ತು. ಕಪ್ಪು ಚಹಾ ಸಿಕ್ಕಿತು. ಹೆಂಡತಿ ಏನೂ ಕೇಳಲಿಲ್ಲ, ಅದು ಇನ್ನೂ ಅಪಾಯ. ಭಾವ ಹೊಸ ಚಪ್ಪಲಿಯಲ್ಲಿ ಕೂತಿದ್ದ, ನನ್ನದು. ಗೆದ್ದ ಗರ್ವವೇನೂ ಕಾಣಲಿಲ್ಲ. ಆಗಲೇ ಮುಂದಿನ ವರ್ಷಕ್ಕೆ ಹೋಗಿದ್ದ.

ಜನ ಅತಿ ಹೆಚ್ಚು ಕಾಯುತ್ತಿರುವ ಆಟ ಅಂತಲೂ ಅಲ್ಲಿ ಒಂದು ಪ್ರಶಸ್ತಿ ಇದೆ. ಕಳೆದ ವರ್ಷ ‘ಜಿಟಿಎ 6’ಕ್ಕೆ ಕೊಟ್ಟರು. ಆಟ ಬರಲಿಲ್ಲ. ಈ ವರ್ಷವೂ ಅದಕ್ಕೇ ಕೊಟ್ಟರು. ಕೂಸು ಹುಟ್ಟುವ ಮೊದಲೇ ಎರಡು ಕುಲಾವಿ. ಮೊದಲು 2025 ಅಂದರು, ಆಮೇಲೆ 2026ರ ಮೇ ಅಂದರು, ಈಗ ನವೆಂಬರ್ 19 ಅನ್ನುತ್ತಿದ್ದಾರೆ. ನಮ್ಮ ಬಿಲ್ಡರ್ ಫ್ಲ್ಯಾಟಿನ ಕೀಲಿ ಕೊಡುತ್ತೇನೆ ಅಂದ ಹಾಗೆ.

‘ಮುಂದಿನ ಸಲ ಅದಕ್ಕೇ ಪ್ರಶಸ್ತಿ ಭಾವ, ಬರೆದಿಟ್ಟುಕೋ’ ಅಂದ. ‘ನಾನು ಆಡಿಲ್ಲ, ಆದರೂ...’

ಬಾಯಿ ತೆರೆದೆ, ಮುಚ್ಚಿದೆ. ಅದನ್ನು ನಾನೂ ಆಡಿಲ್ಲ.

‘ಅದಿರಲಿ’ ಅಂದೆ. ‘ನಿನ್ನ ಊರಿನ ಟಿಕೆಟ್ ಎಷ್ಟನೇ ತಾರೀಕಿಗೆ?’

‘ನವೆಂಬರ್ ತನಕ ಟೈಮ್ ಉಂಟಲ್ಲ’ ಅಂದ ಭಾವ.